ದೂರು ಕೊಡಲು ಬಂದವಳು

ಹುಡುಗಿಯ ತುಟಿಗೆ ಹಾಕಿದ ಹೊಲಿಗೆ ಇನ್ನೂ ಒಣಗಿರಲಿಲ್ಲ. ಅವಳನ್ನು ಠಾಣೆಯ ಬೆಂಚಿನ ಮೇಲೆ ಕೂರಿಸಿ ನೀಲವ್ವ ಸಾಹೇಬರ ಮುಂದೆ ನಿಂತಳು. ನೀಲವ್ವನ ಕಣ್ಣಲ್ಲಿ ನೀರಿರಲಿಲ್ಲ. ಗಂಡ ಬದುಕಿದ್ದಾಗಲೇ ಅದು ಬತ್ತಿಹೋಗಿತ್ತು.

“ಯಾರು ಬಡದವ್ರು?”

“ಈಕಿ ಗಂಡ ರೀ. ಮದವಿ ಆದಾಗಿಂದ ಬಡೀತಾನ. ಕೇಸ್ ಮಾಡ್ರಿ.”

“ಹೆಣ್ಣು ಹಡದವ್ರು ತಾಳಿಕೋಬೇಕವ್ವಾ,” ಎಂದರು ಸಾಹೇಬರು.

“ನಾನೂ ತಾಳಿಕೊಂಡಿದ್ದೆ ರೀ. ನನ್ನ ಗಂಡ ಬಡಿಯೋದನ್ನ ಮಕ್ಕಳು ನೋಡಿಕೊಂತನ ಬೆಳದ್ವು.” ಬೇರೆ ಯಾರದೋ ಸುದ್ದಿ ಹೇಳುವಂತಿತ್ತು ಅವಳ ದನಿ.

ಸಾಹೇಬರು ಪೆನ್ನು ಮುಚ್ಚಿದರು. “ಕೇಸಾದರ ಈಕಿ ಸಂಸಾರ ಹಾಳಾಗ್ತದ. ಮೊದಲು ಆ ಹುಡುಗನ ತಾಯಿ ಕಡೆ ಹೋಗಿ ಕೈಮುಗಿದು ಕೇಳು. ಹಡದಾಕಿ ಮಾತು ಅಂವ ಕೇಳ್ತಾನ.”

“ಅವನ್ನ ಹಡದಾಕಿ ನಾನ ರೀ,” ಎಂದಳು ನೀಲವ್ವ.