ಬಾಲ ಇರೋ ಸೊನ್ನೆ

“ನನ್ನ ಹೆಸರು ಒಂದ್ಸಲ ಬಂದ್ರೆ ಸಾಕು ಕಣಮ್ಮ,” ಎಂದು ಸುಂದರಮ್ಮ ಸಂಕೋಚದಿಂದ ಹೇಳುವಷ್ಟರಲ್ಲಿ, ಒಂದೇ ಹೆಸರು ಮತ್ತೆ ಬಂದರೆ ತೆಗೆದುಹಾಕುವ ಆದೇಶವನ್ನು ಲಹರಿ ತನ್ನ ಪ್ರೋಗ್ರಾಮಿನಿಂದ ಅಳಿಸಿಬಿಟ್ಟಿದ್ದಳು.

ಕಣ್ಣು ಕಾಣದ ಲಹರಿಗಾಗಿ ಸಂಖ್ಯಾಶಾಸ್ತ್ರದ ಪುಸ್ತಕಗಳನ್ನು ಓದಿ ರೆಕಾರ್ಡ್ ಮಾಡಿಕೊಟ್ಟವರ ಪಟ್ಟಿ ಆ ಪ್ರೋಗ್ರಾಮಿನಲ್ಲಿತ್ತು; ಅಧ್ಯಾಯಕ್ಕೊಂದು ಸಾಲು, ಸಾಲಿಗೊಂದು ಓದಿದವರ ಹೆಸರು. ಸಾಲುಗಳನ್ನು ಪುಸ್ತಕವಾರು ಗುಂಪು ಮಾಡಿ, ಹೆಸರುಗಳನ್ನು ಕಾಮಾ ಹಾಕಿ ಒಟ್ಟಿಗೆ ಪೋಣಿಸಿದರೆ ಅವಳ ಎಂ.ಎಸ್ಸಿ. ವರದಿಗೆ ಕೃತಜ್ಞತೆಯ ಪುಟ ಸಿದ್ಧವಾಗುತ್ತಿತ್ತು. ಸೂತ್ರಗಳೇ ತುಂಬಿದ್ದ, ಯಾರೂ ಮುಟ್ಟದ ದಪ್ಪ ಪುಸ್ತಕವನ್ನು ಒಪ್ಪಿಕೊಂಡವರು ಇಲವಾಲದಿಂದ ಬಸ್ಸಿನಲ್ಲಿ ಬರುತ್ತಿದ್ದ ಈ ನಿವೃತ್ತ ಕನ್ನಡ ಟೀಚರ್ ಸುಂದರಮ್ಮ. ಹೆಸರು ಗೊತ್ತಿಲ್ಲದ ಗ್ರೀಕ್ ಅಕ್ಷರ ಎದುರಾದರೆ, “ಬಾಲ ಇರೋ ಸೊನ್ನೆ” ಎಂದು ಬಣ್ಣಿಸಿ ಮುಂದಕ್ಕೆ ಓದುತ್ತಿದ್ದರು. ಅದು ಯಾವ ಅಕ್ಷರವೆಂದು ತಿಳಿಯಲು ಲಹರಿಗೆ ಅಷ್ಟೇ ಸಾಕಾಗುತ್ತಿತ್ತು.

ಲಹರಿ ಎಂಟರ್ ಒತ್ತಿದಳು. ಕಂಪ್ಯೂಟರಿನ ದನಿ ಆ ಪುಸ್ತಕದ ಹೆಸರು ಹೇಳಿ, ಓದಿದವರನ್ನು ಹೆಸರಿಸತೊಡಗಿತು: “ಸುಂದರಮ್ಮ, ಸುಂದರಮ್ಮ, ಸುಂದರಮ್ಮ, ಸುಂದರಮ್ಮ...”

“ಅಯ್ಯೋ, ನಿಲ್ಸಮ್ಮ ಅದನ್ನ!” ಸುಂದರಮ್ಮ ನಾಚಿಕೊಂಡು ಕೀಬೋರ್ಡಿಗೆ ಕೈ ಚಾಚಿದರು. ಲಹರಿ ತಡಕಾಡಿ ಆ ಕೈಯನ್ನು ಹಿಡಿದು ತನ್ನ ಮಡಿಲಲ್ಲಿ ಇಟ್ಟುಕೊಂಡಳು.

“ಬಾಲ ಇರೋ ಸೊನ್ನೇನೂ ಬಿಡ್ದೆ ನಂಗೆ ಓದಿ ಹೇಳಿದ್ರಲ್ಲ ಮಿಸ್, ಈಗ ನೀವು ಸುಮ್ನೆ ಕೂತ್ಕೊಂಡು ಕೇಳಿ.”