ಚೀಟಿ ಹಚ್ಚಿದ ಬಾಟಲಿ

ಸಂಗವ್ವ ಮೇಜಿನ ಮೇಲೆ ಬಾಟಲಿ ಇಟ್ಟಳು. ಓಂಕಾರ ಅದನ್ನು ಮುಟ್ಟಲಿಲ್ಲ. ಕೆಮ್ಮಿನ ಔಷಧಿಯ ಹಳೆಯ ಬಾಟಲಿ, ಬಾಯಿಯ ಸುತ್ತ ಇನ್ನೂ ಅಂಟು ಅಂಟು. ಅದರೊಳಗೆ ಬಣ್ಣ ತುಂಬಿಸಿ ತಂದಿದ್ದಳು.

“ಈ ಬಣ್ಣಾನ ಹಚ್ರಿ ಅಣ್ಣಾರ,” ಎಂದಳು. “ಚೀಟಿ ಹಚ್ಚೇನಿ, ನೋಡ್ರಿ.”

ಚೀಟಿಯಲ್ಲಿ ದಪ್ಪ ಅಕ್ಷರದಲ್ಲಿ ‘ಕೆಂಪು’ ಎಂದಿತ್ತು.

ಅನಗೋಳದ ಆ ಕೋಣೆಗೆ ಯಾರೂ ಹೀಗೆ ಬಣ್ಣ ಹೊತ್ತು ತಂದಿರಲಿಲ್ಲ. ಪ್ಲಾಸ್ಟಿಕ್ ತುಂಡು ಜೋಡಿಸಿ ಮಾಡುವ ಹಳೆಯ ಪುಟ್ಟ ಕಾರುಗಳನ್ನು ಹೊಸದರಂತೆ ಮಾಡುವುದರಲ್ಲಿ ಓಂಕಾರನನ್ನು ಮೀರಿಸುವವರು ಬೆಳಗಾವಿಯಲ್ಲಿ ಇರಲಿಲ್ಲ. ಇದು ಎಲ್ಲರಿಗಿಂತ ಹೆಚ್ಚಾಗಿ ಅವನಿಗೇ ಗೊತ್ತಿತ್ತು. ಕಪಾಟಿನಲ್ಲಿ ಅರವತ್ತು ಬಣ್ಣದ ಬಾಟಲಿ, ಒಂದೊಂದಕ್ಕೂ ಹೆಸರು, ನಂಬರು. ಯಾವ ಭಾಗಕ್ಕೆ ಯಾವ ನಂಬರೆಂದು ಕಾರಿನ ಡಬ್ಬಿಯೊಳಗಿನ ಹಾಳೆಯಲ್ಲಿ ಬರೆದಿರುತ್ತದೆ, ಓದುವುದು, ಹಚ್ಚುವುದು. ಕಣ್ಣಂದಾಜಿನಲ್ಲಿ ಬಣ್ಣ ಹಚ್ಚುವವರನ್ನು ಕಂಡರೆ ಅವನಿಗೆ ಅಸಹ್ಯ.

ಹಾಗೆ ನೋಡಿದರೆ ಅವನಿಗೆ ಅಸಹ್ಯವಾಗದ ವಸ್ತುಗಳೇ ಕಡಿಮೆ. ಬೇರೆಯವರ ಬೆವರು, ಅಂಟಿನ ಮೇಲೆ ಉಳಿದ ಹೆಬ್ಬೆಟ್ಟಿನ ಗುರುತು, ಬಣ್ಣದಲ್ಲಿ ಸಿಕ್ಕಿಬಿದ್ದ ಕೂದಲು. ಬಿಳಿ ಅಂಗಿ, ಬಿಳಿ ಪೈಜಾಮ ಬಿಟ್ಟು ಬೇರೇನೂ ತೊಡುತ್ತಿರಲಿಲ್ಲ.

ಈಗ ಎಲ್ಲಕ್ಕಿಂತ ಅಸಹ್ಯ ಈ ಸಂಗವ್ವ. ಆರು ತಿಂಗಳ ಹಿಂದೆ ಖಾನಾಪುರ ರಸ್ತೆಯಲ್ಲಿ ಕಾರೊಂದು ಸೈಕಲ್ ಸವಾರನನ್ನು ಗುದ್ದಿ ಕೊಂದು, ನಿಲ್ಲದೆ ಓಡಿತ್ತು. ನಂಬರ್ ಪ್ಲೇಟು ಯಾರೂ ನೋಡಿರಲಿಲ್ಲ. ಚಹಾದಂಗಡಿಯಲ್ಲಿ ಕೂತಿದ್ದ ಓಂಕಾರ ಕಾರಿನ ಮಾದರಿ ಗುರುತಿಸಿದ್ದ, ಬಣ್ಣ ಕೆಂಪೆಂದೂ ಹೇಳಿದ್ದ. ಆ ಮಾದರಿಯ ಹಳೆಯ ಕಾರುಗಳು ಖಾನಾಪುರದಲ್ಲಿ ಐದಾರಿದ್ದವು. ಕೆಂಪಗಿದ್ದದ್ದು ಒಂದೇ, ಸಂಗವ್ವನ ಮಗ ಸುಮಿತನದು. ಸೋಮವಾರ ಕೋರ್ಟಿನಲ್ಲಿ ಓಂಕಾರನ ಸಾಕ್ಷಿ. ಅವನು ಕೆಂಪು ಎಂದರೆ ಸುಮಿತ ಜೈಲಿಗೆ.

ಹೋದ ವಾರ ಆಕೆ ಕಾಲು ಹಿಡಿಯಲು ಬಂದಿದ್ದಳು. ಅವನು ಕಾಲು ಹಿಂದಕ್ಕೆ ಎಳೆದುಕೊಂಡಿದ್ದ. ಅತ್ತು ಮುಗಿಸಿ, ಸೆರಗಿನಿಂದ ಮೂಗು ಒರೆಸಿಕೊಂಡು, ಗಾಜಿನ ಕಪಾಟಿನ ಮುಂದೆ ನಿಂತುಬಿಟ್ಟಿದ್ದಳು. ಕೆಳಗಿನ ಸಾಲಿನಲ್ಲಿ ಒಂದು ಕಾರಿತ್ತು. ಬಾಟಲಿಯ ಚೀಟಿ ಉದುರಿಹೋಗಿ, ಜೀವಮಾನದಲ್ಲಿ ಒಂದೇ ಸಲ ಓಂಕಾರ ಅಂದಾಜಿನ ಮೇಲೆ ಮುಗಿಸಿದ್ದ ಕಾರು.

“ಇದರ ಹಿಂದಿನ ದೀಪ ಯಾವ ಬಣ್ಣರಿ?” ಎಂದು ಕೇಳಿದ್ದಳು.

“ಕೆಂಪ. ಹಿಂದಿನ ದೀಪ ಎಲ್ಲಾ ಕಾರಿಗೂ ಕೆಂಪ. ಮಗ ಕಾರ್ ಹೊಡಿತಾನ, ಅಷ್ಟೂ ಗೊತ್ತಿಲ್ಲ?”

ಆಕೆ ಮತ್ತೊಮ್ಮೆ ಬಗ್ಗಿ ನೋಡಿ ಹೊರಟುಹೋಗಿದ್ದಳು. ಮರುದಿನವೇ ಸುಮಿತ ಸಣ್ಣವನಿದ್ದಾಗ ಮಾಡಿದ್ದ ಪುಟ್ಟ ಕಾರನ್ನು ರಿಪೇರಿಗೆ ತಂದುಕೊಟ್ಟಳು. ಗಾಜಿನ ಮೇಲೆಲ್ಲ ಅಂಟು, ಸೀಟಿನಲ್ಲಿ ಜಿರಲೆಯ ಹಿಕ್ಕೆ, ಬೆಲ್ಲದ ಪಾಕದಷ್ಟು ದಪ್ಪ ಬಣ್ಣ. ಸಾಕ್ಷಿ ಬೇರೆ, ಕೆಲಸ ಬೇರೆ ಎಂದು ತೋರಿಸಲೆಂದೇ ಓಂಕಾರ ಒಪ್ಪಿಕೊಂಡ. ಮೂಗಿಗೆ ಬಟ್ಟೆ ಕಟ್ಟಿಕೊಂಡು ಅದನ್ನು ಬ್ರೇಕ್ ಆಯಿಲ್‌ನಲ್ಲಿ ಎರಡು ದಿನ ನೆನೆಹಾಕಿದ. ಹಳೆಯ ಬಣ್ಣ ಹಾಲಿನ ಕೆನೆಯಂತೆ ಸುಲಿದು ಬಂತು. ತೊಳೆದು, ಉಜ್ಜಿ, ತಳಕ್ಕೆ ಬೂದು ಬಣ್ಣದ ಅಸ್ತರು ಹೊಡೆದಿಟ್ಟ. ಇನ್ನು ಮೇಲಿನ ಬಣ್ಣವೊಂದೇ ಬಾಕಿ.

“ನನ್ನ ಹತ್ರ ಚಲೋ ಕೆಂಪ ಐತಿ. ಈ ಹೊಲಸು ಯಾಕ?”

“ಮಗನ ಕಾರಿನ ಕೆಂಪ ಇದ ಹೌದೋ ಅಲ್ಲೋ, ನೀವ ಹೇಳಬೇಕ್ರಿ. ನೋಡಿದವರು ನೀವ ಅಲ್ಲೇನ್ರಿ?”

ಓಂಕಾರನಿಗೆ ಆಗ ಎಲ್ಲ ಅರ್ಥವಾಯಿತು. ‘ಆ ದಿನ ನೋಡಿದ ಕೆಂಪು ಇದಲ್ಲ’ ಎಂದು ತನ್ನ ಬಾಯಿಂದ ಹೊರಡಿಸುವ ಹಂಚಿಕೆ. ಅದಕ್ಕೇ ಸಾಕ್ಷಿಗೆ ಇನ್ನೊಬ್ಬಳನ್ನೂ ಕರೆತಂದಿದ್ದಾಳೆ. ‘ನಮ್ಮ ಕಾಂತಾ’ ಎಂದಷ್ಟೇ ಪರಿಚಯ. ಆಕೆ ಮೊಬೈಲು ಅವನತ್ತ ಹಿಡಿದು, ವಿಡಿಯೋ ಮಾಡುತ್ತ ಸ್ಟೂಲಿನ ಮೇಲೆ ಕೂತಿದ್ದಳು.

ಥೂ ಎನಿಸಿತು. ಬಟ್ಟೆಯಿಂದ ಬಾಟಲಿ ಹಿಡಿದು, ಚೀಟಿಯನ್ನು ಇನ್ನೊಮ್ಮೆ ಓದಿ, ಬಣ್ಣವನ್ನು ಸ್ಪ್ರೇ ಗನ್ನಿಗೆ ಸುರಿದ. ಒಂದು ಕೋಟು ತೆಳ್ಳಗೆ. ಒಣಗಲು ಬಿಟ್ಟು ಇನ್ನೊಂದು ಕೋಟು. ಒಂದು ಹನಿ ಇಳಿಯಲಿಲ್ಲ, ಒಂದು ಗುಳ್ಳೆ ಏಳಲಿಲ್ಲ. ಕೈಚಳಕಕ್ಕೆ ಹೆಸರಿಡುವಂತಿರಲಿಲ್ಲ.

ಕಾರನ್ನು ಕಿಟಕಿಯ ಬೆಳಕಿಗೆ ಹಿಡಿದ. “ನೋಡ್ರಿ. ಇದ ಬಣ್ಣ. ಆವತ್ತು ನೋಡಿದ್ದು ಇದನ್ನ.”

“ಖರೇ?” ಕಾಂತಾ ಮೊದಲ ಸಲ ಬಾಯಿಬಿಟ್ಟಳು. “ಬ್ಯಾರೆ ಬಣ್ಣ ಇದ್ದಿರಬಹುದಲ್ರಿ?”

“ಇದ ಕೆಂಪ. ಕಣ್ಣು ಕಟ್ಟಿ ಕೇಳಿದ್ರೂ ಇದನ್ನ ಹೇಳತೇನಿ.”

“ಸೋಮವಾರ ಕೋರ್ಟಿನ್ಯಾಗೂ?”

“ಕೋರ್ಟಿನ್ಯಾಗೂ.”

ಕಾಂತಾ ಮೊಬೈಲು ಇಳಿಸಿ ಎದ್ದಳು. “ನಾ ಸುಮಿತನ ವಕೀಲರಿ. ಸೋಮವಾರ ನಿಮ್ಮನ್ನ ಕೇಳಾಕಿ ನಾನ. ಭೆಟ್ಟಿ ಆಗೂಣ್ರಿ.”

ವಕೀಲೆಯನ್ನು ಕಟ್ಟಿಕೊಂಡು ಬಂದೂ ತನ್ನಿಂದ ಒಂದು ಸುಳ್ಳು ಹೊರಡಿಸಲಾಗಲಿಲ್ಲವಲ್ಲ ಎಂದು ಓಂಕಾರನಿಗೆ ಒಳಗೊಳಗೇ ಖುಷಿ. ಸಂಗವ್ವನ ಕಣ್ಣಲ್ಲಿ ನೀರಿತ್ತು. ಬಣ್ಣ ಒಣಗುವವರೆಗೂ ಕಾದು, ಕಾರನ್ನು ಎರಡೂ ಅಂಗೈಯಲ್ಲಿ ಇಟ್ಟುಕೊಂಡು ಹೊರಟಳು. ಆಕೆ ಮುಟ್ಟಿದ ಮೇಜನ್ನು ಅವನು ಸ್ಪಿರಿಟ್ ಹಾಕಿ ಒರೆಸತೊಡಗಿದ.

ಹೊರಗೆ ಮೆಟ್ಟಿಲ ಬಳಿ ಕಾಯಿಪಲ್ಲೆ ಬುಟ್ಟಿ ಇಟ್ಟುಕೊಂಡು ಕೂತಿದ್ದ ಚಂದ್ರವ್ವ ಸಂಗವ್ವನನ್ನು ತಡೆದು ನಿಲ್ಲಿಸಿದ್ದು ಅವನಿಗೆ ಕೇಳಿಸಿತು.

“ಎಷ್ಟು ಚಂದ ಐತಿ ಬೇ ಈ ಕಾರು. ಥೇಟ್ ನನ್ನ ಮೆಂತೆಪಲ್ಲೆ ಬಣ್ಣ.”