ನಮ್ಮೋಳು

"ನೀನು ನಮ್ಮೋಳು, ನೀನೇ ನನ್ನ ಮಗನ್ನ ಉಳಿಸ್ಕೊಡಬೇಕು" ಎಂದು ಜವರಮ್ಮ ವಿಚಾರಣೆಯ ಕೋಣೆಯ ಹೊರಗೆ ರಾಜಿಯ ಕೈ ಹಿಡಿದುಕೊಂಡೇ ಬಿಟ್ಟರು. ಅಮೆರಿಕದ ಕೋರ್ಟಿನಲ್ಲಿ ಕನ್ನಡ ಕೇಳಿದ ಖುಷಿಯಲ್ಲಿ, ರಾಜಿ ಸರ್ಕಾರದ ಕಡೆಯ ವಕೀಲೆ ಎಂಬುದು ಆ ಮುದುಕಿಯ ತಲೆಗೇ ಹೋಗಿರಲಿಲ್ಲ. ಪೆರೋಲಿನ ಮೇಲೆ ಹೊರಗಿದ್ದ ಅವರ ಮಗ ಮಹದೇವ ಅಪ್ಪಣೆಯಿಲ್ಲದೆ ನ್ಯೂಜೆರ್ಸಿ ರಾಜ್ಯದ ಗಡಿ ದಾಟಿ ಹೋಗಿದ್ದನೆಂಬುದು ಆರೋಪ. ಸಾಬೀತಾದರೆ ಮತ್ತೆ ಜೈಲು. ರಾಜಿಯ ಬಳಿ ಸಾಕ್ಷಿಯೇ ಇರಲಿಲ್ಲ.

"ಅವನು ಕೆಟ್ಟೋನಲ್ಲಮ್ಮ. ಹೋದ ತಿಂಗಳು ನಾನು ನ್ಯೂಯಾರ್ಕಲ್ಲಿ ಮಗಳ ಮನೇಲಿದ್ದಾಗ ನಂಗೆ ಎದೆನೋವು ಬಂತು ಅಂತ ಫೋನ್ ಮಾಡಿದ್ದೇ ತಡ, ಓಡಿಬಂದು ಬೆಳಗಾಗೋವರೆಗೂ ಕಾಲು ಒತ್ತುತ್ತಾ ಕೂತಿದ್ದ."

ರಾಜಿ ಕೈ ಬಿಡಿಸಿಕೊಳ್ಳಲು ನೋಡಿದಳು, ಜವರಮ್ಮ ಬಿಡಲಿಲ್ಲ. ಒಳಗಿನಿಂದ ಮಹದೇವನ ಹೆಸರು ಕೂಗಿದರು.

"ಆಂಟಿ, ಇದನ್ನೇ ಒಳಗೆ ಬಂದು ಹೇಳ್ತೀರಾ?"

"ಹೇಳ್ದೇ ಇರ್ತೀನಾ ಮಗಳೇ!" ಎಂದು ಜವರಮ್ಮ ಸ್ವೆಟರಿನ ಮೇಲೆ ಸೆರಗು ಸರಿಮಾಡಿಕೊಂಡು, ಅವಳಿಗಿಂತ ಮೊದಲೇ ಒಳಗೆ ಹೋದರು.